ಆಸಿಯಾನ್ ಒಂದೇ, ಸ್ಪರ್ಧಾ ಕಾನೂನು ಹಲವು

ಭಾರತ ಮತ್ತು ಆಸಿಯಾನ್ ರಾಷ್ಟ್ರಗಳ ನಡುವಣ ಸರಕು ವ್ಯಾಪಾರ ಒಪ್ಪಂದವು 2010ರ ಜನವರಿ 1ರಂದು ಜಾರಿಗೆ ಬಂದಂದಿನಿಂದ ನಮ್ಮ ರಫ್ತುದಾರರ ಗಮನವೆಲ್ಲ ಸುಂಕದ ದರದ ಮೇಲೆಯೇ ನೆಟ್ಟಿದೆ. ಆ ರಾಷ್ಟ್ರಗಳ ಸ್ಪರ್ಧಾ ಕಾನೂನನ್ನು ಗಮನಿಸುವವರು ವಿರಳ. ಕೂಟ ಒಂದೇ ಆದುದರಿಂದ ಕಾನೂನೂ ಒಂದೇ ಇದ್ದೀತೆಂದು ಭಾವಿಸುವವರೂ ಉಂಟು. ವಾಸ್ತವ ಹಾಗಿಲ್ಲ. ಐರೋಪ್ಯ ಒಕ್ಕೂಟದಲ್ಲಿರುವಂತೆ ಸದಸ್ಯರೆಲ್ಲರಿಗೂ ಅನ್ವಯಿಸುವ ಸ್ಪರ್ಧಾ ನಿಯಮವಾಗಲಿ, ಅದನ್ನು ಜಾರಿಗೊಳಿಸುವ ಪ್ರಾಧಿಕಾರವಾಗಲಿ ಆಸಿಯಾನ್‌ನಲ್ಲಿಲ್ಲ. ಇಂಡೋನೇಷ್ಯಾ 1999ರಲ್ಲಿಯೇ ಕಾಯ್ದೆ ರಚಿಸಿತು. ಕಾಂಬೋಡಿಯಾ ರಚಿಸಿದ್ದು 2021ರಲ್ಲಿ.

2018ರಲ್ಲಿ ಊಬರ್ ಸಂಸ್ಥೆಯು ಆಗ್ನೇಯ ಏಷ್ಯಾದ ತನ್ನ ವ್ಯವಹಾರವನ್ನು ಗ್ರಾಬ್ ಸಂಸ್ಥೆಗೆ ಮಾರಿದಾಗ ಈ ಭೇದ ಬಯಲಾಯಿತು. ಸಿಂಗಪುರವು ಎರಡೂ ಸಂಸ್ಥೆಗಳಿಗೆ ಒಟ್ಟು ಸುಮಾರು 1.3 ಕೋಟಿ ಸಿಂಗಪುರ ಡಾಲರ್ ದಂಡ ವಿಧಿಸಿತು. ಫಿಲಿಪ್ಪೀನ್ಸ್ ಷರತ್ತುಬದ್ಧ ಒಪ್ಪಿಗೆಯಿತ್ತಿತು. ವಿಯೆಟ್ನಾಂ 2019ರಲ್ಲಿ ಉಲ್ಲಂಘನೆಯೇ ಆಗಿಲ್ಲವೆಂದಿತು. ಮಲೇಷ್ಯಾದ ಕಾಯ್ದೆಯಲ್ಲಂತೂ ವಿಲೀನಗಳನ್ನು ನಿಯಂತ್ರಿಸುವ ವಿಧಿಯೇ ಆಗ ಇರಲಿಲ್ಲ.

ಇವೆಲ್ಲ ದೊಡ್ಡವರ ವ್ಯವಹಾರ, ನಮಗೇನು ಎನ್ನಬಹುದು. ಆದರೆ ನಮ್ಮ ಸಣ್ಣ ತಯಾರಕರು ವಿದೇಶೀ ವಿತರಕರೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಒಂದು ಕಲಮು ಇರಬಹುದು: ಇಂತಿಷ್ಟು ಬೆಲೆಗಿಂತ ಕಡಿಮೆಗೆ ಸರಕನ್ನು ಮಾರತಕ್ಕದ್ದಲ್ಲ. ಸಿಂಗಪುರದ 2004ರ ಕಾಯ್ದೆಯು ತಯಾರಕ ಮತ್ತು ವಿತರಕರ ನಡುವಣ ಇಂತಹ ಒಪ್ಪಂದಗಳನ್ನು ಸಾಮಾನ್ಯವಾಗಿ ನಿಷೇಧದಿಂದ ಹೊರಗಿರಿಸಿದೆ. ಮಾರುಕಟ್ಟೆಯಲ್ಲಿ ಪ್ರಾಬಲ್ಯವುಳ್ಳ ಸಂಸ್ಥೆಯ ಮಾತು ಬೇರೆ. ಸೇತುವೆ ದಾಟಿ ಮಲೇಷ್ಯಾ ತಲಪಿದೊಡನೆ ಅದೇ ಕಲಮು ಅಪಾಯಕರವಾಗುತ್ತದೆ. 2012ರಲ್ಲಿ ಜಾರಿಗೆ ಬಂದ ಅಲ್ಲಿನ ಕಾಯ್ದೆ ಇವುಗಳಿಗೂ ಅನ್ವಯಿಸುತ್ತದೆ. ಕನಿಷ್ಠ ಮಾರಾಟ ಬೆಲೆಯ ನಿರ್ಬಂಧದ ಬಗ್ಗೆ ಅಲ್ಲಿನ ಆಯೋಗದ ನಿಲುವು ಕಠಿಣ. ದಂಡದ ಲೆಕ್ಕವೂ ಬೇರೆ: ಸಿಂಗಪುರದಲ್ಲಿ ಅಲ್ಲಿನ ವಹಿವಾಟಿನ ಶೇ. 10ರವರೆಗೆ, ಗರಿಷ್ಠ 3 ವರ್ಷಗಳಿಗೆ. ಮಲೇಷ್ಯಾದಲ್ಲಿ ಉಲ್ಲಂಘನೆಯ ಅವಧಿಯ ಜಾಗತಿಕ ವಹಿವಾಟಿನ ಶೇ. 10ರವರೆಗೆ. ನಮ್ಮ 2002ರ ಕಾಯ್ದೆಯು ಇಂತಹ ನಿರ್ಬಂಧವನ್ನು ಸ್ಪರ್ಧೆಯ ಮೇಲಾಗುವ ಪರಿಣಾಮವನ್ನು ನೋಡಿ ನಿರ್ಣಯಿಸುತ್ತದೆ. ಆದುದರಿಂದ ಇಲ್ಲಿನ ಅನುಭವವೂ ಅಲ್ಲಿ ಪೂರ್ಣವಾಗಿ ನೆರವಿಗೆ ಬಾರದು.

ಸುಂಕವನ್ನು ಸರ್ಕಾರಗಳು ಕೂಡಿ ಇಳಿಸಿದವು. ಕಾನೂನಿನ ಭೇದವನ್ನು ಮಾತ್ರ ವಕೀಲರನ್ನಿಟ್ಟುಕೊಳ್ಳಲು ಶಕ್ತಿಯಿಲ್ಲದವನ ತಲೆಗೆ ಕಟ್ಟಿದವು. ಇದು ನ್ಯಾಯವೆಂದು ನನಗೆ ತೋರುವುದಿಲ್ಲ. ವಾಣಿಜ್ಯ ಸಂಸ್ಥೆಗಳು ಸುಂಕದ ಪಟ್ಟಿಯೊಡನೆ ದೇಶವಾರು ಮಾದರಿ ಕರಾರುಗಳನ್ನೂ ಸದಸ್ಯರಿಗೆ ಒದಗಿಸಬೇಕು. ಅಲ್ಲಿಯವರೆಗೆ ಸದಸ್ಯರು ಕರಾರು ನವೀಕರಿಸುವಾಗ ಕನಿಷ್ಠ ಬೆಲೆಯ ಕಲಮನ್ನು ಕೈಬಿಡುವುದೇ ಕ್ಷೇಮ. ಶಿಫಾರಸು ಬೆಲೆಯನ್ನು ಸೂಚಿಸುವುದಾದರೂ, ಅದನ್ನು ಪಾಲಿಸದ ವಿತರಕನಿಗೆ ಸರಕು ನಿಲ್ಲಿಸುವ ಷರತ್ತು ಅದರೊಡನೆ ಇರಕೂಡದು.