ಕೈಗೆ ಕೆಲಸ ಕೊಡಿ, ಕೈ ಪಳಗಲಿ

ಚೆನ್ನಾಗಿ ಹೊಲಿಯುವವರನ್ನು, ಅಂದವಾಗಿ ಮೆಹಂದಿ ಬಿಡಿಸುವವರನ್ನು ಕಂಡಾಗ "ಅವರ ಕೈಗುಣವೇ ಅಂಥದ್ದು" ಎಂದು ಹೇಳಿ ಸುಮ್ಮನಾಗುತ್ತೇವೆ. ಕೈಚಳಕ ಹುಟ್ಟಿನಿಂದಲೇ ಬರುತ್ತದೆ ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ವಾಸ್ತವದಲ್ಲಿ ಕೈ ಪಳಗುವುದು ಬಳಕೆಯಿಂದ. ಆದರೆ ನಮ್ಮ ಮನೆಗಳಲ್ಲಿ ಪ್ರೀತಿಯ ಹೆಸರಲ್ಲಿ ಮಕ್ಕಳ ಕೈಯಿಂದ, ಗೌರವದ ಹೆಸರಲ್ಲಿ ಹಿರಿಯರ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುತ್ತಿದ್ದೇವೆ. ಇದರಿಂದ ಇಬ್ಬರಿಗೂ ನಷ್ಟ.

ಮಣಿಕಟ್ಟನ್ನೂ ಸೇರಿಸಿದರೆ ಒಂದು ಕೈಯಲ್ಲಿ 27 ಮೂಳೆಗಳಿವೆ. ಬೆರಳುಗಳನ್ನು ಆಡಿಸುವ ಸ್ನಾಯುಗಳು ಇರುವುದು ಬೆರಳಿನಲ್ಲಲ್ಲ, ಅಂಗೈ ಮತ್ತು ಮುಂಗೈಯಲ್ಲಿ. ಇವೆಲ್ಲವನ್ನೂ ಹೊಂದಿಸಿ ನಡೆಸುವುದು ಮೆದುಳು. ದೇಹದ ಚಲನೆಯನ್ನು ನಿಯಂತ್ರಿಸುವ ಮೆದುಳಿನ ಭಾಗದಲ್ಲಿ ಕೈಬೆರಳುಗಳಿಗೆ ಮೀಸಲಾದ ಜಾಗ ಬಹಳ ದೊಡ್ಡದು. ಒಂದೇ ಕೆಲಸವನ್ನು ಗಮನವಿಟ್ಟು ಮತ್ತೆ ಮತ್ತೆ ಮಾಡಿದಾಗ ಮೆದುಳು ಅದನ್ನು ಕಲಿತುಕೊಳ್ಳುತ್ತದೆ. ಮೊಬೈಲ್ ಪರದೆಯ ಮೇಲೆ ಬೆರಳು ಸರಿಸುವುದರಲ್ಲಿ ಹಿಡಿತ, ಒತ್ತಡ, ತಿರುವು ಯಾವುದಕ್ಕೂ ಹೆಚ್ಚು ಕೆಲಸವಿಲ್ಲ. ಬದಲಿಗೆ ಹೆಬ್ಬೆರಳಿನ ಬುಡದಲ್ಲಿ ನೋವು ಬರಬಹುದು.

2018ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಶಸ್ತ್ರಚಿಕಿತ್ಸಾ ಶಿಕ್ಷಣದ ಪ್ರಾಧ್ಯಾಪಕ ರೋಜರ್ ನೀಬೋನ್ ಅವರು ಒಂದು ಆತಂಕವನ್ನು ಬಹಿರಂಗವಾಗಿ ಹೇಳಿಕೊಂಡರು. ಪರೀಕ್ಷೆಗಳಲ್ಲಿ ಉತ್ತಮ ಅಂಕ ಪಡೆದು ಬರುವ ವೈದ್ಯ ವಿದ್ಯಾರ್ಥಿಗಳಿಗೆ ಕತ್ತರಿಸುವ, ಹೊಲಿಯುವಂಥ ಕೈಕೆಲಸದ ಅನುಭವವೇ ಕಡಿಮೆಯಾಗಿದೆ ಎಂಬುದು ಅವರ ಮಾತಿನ ಸಾರ. ಮಗನನ್ನೋ ಮಗಳನ್ನೋ ಡಾಕ್ಟರ್ ಮಾಡಬೇಕೆಂದು ಕನಸು ಕಾಣುವ ಹೆತ್ತವರು ಇದನ್ನು ಗಮನಿಸಬೇಕು. ಟ್ಯೂಷನ್ನಿಗೆ ಸಮಯವಾಗುತ್ತದೆ ಎಂದು ಅಂಗಿಯ ಗುಂಡಿಯನ್ನೂ ಶೂ ಲೇಸನ್ನೂ ನಾವೇ ಹಾಕಿಕೊಟ್ಟರೆ ಆ ಕೈಗಳು ಕಲಿಯುವುದು ಯಾವಾಗ?

ಇದಕ್ಕೆ ದುಬಾರಿ ಆಟಿಕೆ ಬೇಕಿಲ್ಲ, ಅಡುಗೆಮನೆ ಸಾಕು. ಮೂರು ವರ್ಷದ ಮಗುವಿಗೆ ರೊಟ್ಟಿ ಹಿಟ್ಟಿನ ಒಂದು ಉಂಡೆ ಕೊಡಿ, ಹಿಸುಕಲಿ, ತಟ್ಟಲಿ. ಐದಾರು ವರ್ಷದವರು ಹಸಿ ಬಟಾಣಿ ಸುಲಿಯಲಿ, ಮೊಂಡು ತುದಿಯ ಕತ್ತರಿಯಿಂದ ಕಾಗದ ಕತ್ತರಿಸಲಿ. ಎಂಟು ಹತ್ತು ವರ್ಷದವರು ಬೆಳ್ಳುಳ್ಳಿ ಸುಲಿಯಲಿ, ಸಮೋಸದ ಪಟ್ಟಿ ಮಡಚಲಿ, ಸೂಜಿಗೆ ದಾರ ಪೋಣಿಸಿ ಕಿತ್ತುಹೋದ ಗುಂಡಿ ಹೊಲಿಯಲಿ. ಒಂದು ಎಚ್ಚರಿಕೆ: ಚಿಕ್ಕ ಮಕ್ಕಳ ಕೈಗೆ ಕಡಲೆ, ಮಣಿ, ನಾಣ್ಯ, ಗುಂಡಿ ಬ್ಯಾಟರಿಗಳು ಸಿಗದಂತೆ ನೋಡಿಕೊಳ್ಳಿ. ಕಡಲೆ, ಮಣಿಗಳು ಗಂಟಲಿಗೆ ಸಿಲುಕುತ್ತವೆ. ಬ್ಯಾಟರಿ ನುಂಗಿದರೆ ಅನ್ನನಾಳವೇ ಸುಟ್ಟುಹೋಗಬಹುದು.

ಇಲ್ಲಿ "ಮಕ್ಕಳು" ಎಂದರೆ ಹೆಣ್ಣುಮಕ್ಕಳು ಮಾತ್ರವಲ್ಲ. ರಮಝಾನಿನಲ್ಲಿ ಸಮೋಸ ಮಡಚಲು ಮಗಳನ್ನು ಕರೆಯುತ್ತೇವೆ, ಮಗ ಮೊಬೈಲ್ ಹಿಡಿದು ಕೂತಿರುತ್ತಾನೆ. ಬೆರಳಿಗೆ ಹೆಣ್ಣು ಗಂಡು ಎಂಬ ಭೇದವಿಲ್ಲ. ಬೀದರಿನ ಬಿದ್ರಿ ಕುಶಲಕರ್ಮಿಗಳನ್ನು ನೋಡಿ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಉಳಿಯಿಂದ ಸಣ್ಣ ಗೀರುಗಳನ್ನು ಕೊರೆದು ಬೆಳ್ಳಿಯ ತಂತಿ ಕೂರಿಸುವ ಈ ನಾಜೂಕು ಕೆಲಸದಲ್ಲಿ ತಲೆಮಾರುಗಳಿಂದ ಗಂಡಸರ ಕೈ ಪಳಗಿದೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಜಮಖಾನ ನೇಯುವುದರಲ್ಲಿ ಮುಸ್ಲಿಂ ಮಹಿಳೆಯರು ಹೆಸರುವಾಸಿ. ಇವರ ಕೌಶಲವೂ ವರ್ಷಗಟ್ಟಲೆ ಮಾಡಿದ ಅಭ್ಯಾಸದ ಫಲ.

ಹಿರಿಯರ ವಿಷಯ ಇನ್ನೂ ಮುಖ್ಯ. "ಉಮ್ಮಾ, ನೀವು ಸುಮ್ಮನೆ ಕೂತಿರಿ" ಎಂದು ಹೇಳುವುದು ಗೌರವವೇ. ಆದರೆ ಸುಮ್ಮನೆ ಕೂತ ಕೈಯ ಕೀಲುಗಳು ಬಿಗಿಯುತ್ತವೆ, ಹಿಡಿತ ಸಡಿಲವಾಗುತ್ತದೆ. ಮುಂದೆ ಮಾತ್ರೆಯ ಪಟ್ಟಿ ಬಿಡಿಸಲೂ ಬಾಟಲಿಯ ಮುಚ್ಚಳ ತೆರೆಯಲೂ ಇನ್ನೊಬ್ಬರು ಬೇಕಾಗುತ್ತದೆ. ಹುಣಸೆಹಣ್ಣಿನ ಬೀಜ ತೆಗೆಯುವುದು, ಸೊಪ್ಪು ಬಿಡಿಸುವುದು, ಕ್ರೋಶಾ ಹೆಣೆಯುವುದು, ಕುಂಡದಲ್ಲಿ ಗಿಡ ನೆಡುವುದು, ಅಬ್ಬಾನಿಗೆ ಇಷ್ಟವಿದ್ದರೆ ಹಳೆಯ ರೇಡಿಯೋ ಬಿಚ್ಚಿ ಜೋಡಿಸುವುದು: ಇವೆಲ್ಲ ಒಳ್ಳೆಯ ವ್ಯಾಯಾಮ. ಪಾರ್ಶ್ವವಾಯುವಿನ ನಂತರ ಚಿಕಿತ್ಸಕರು ಮಾಡಿಸುವುದೂ ಇಂಥದ್ದನ್ನೇ: ಗುಂಡಿ ಹಾಕುವುದು, ನಾಣ್ಯ ಎತ್ತುವುದು, ಮೆತ್ತನೆಯ ಮುದ್ದೆ ಹಿಸುಕುವುದು. ಸಕ್ಕರೆ ಕಾಯಿಲೆ ಬಹುಕಾಲದಿಂದ ಇರುವವರು ಎರಡೂ ಅಂಗೈಗಳನ್ನು ಬೆರಳ ಸಮೇತ ಜೋಡಿಸಿ ನೋಡಲಿ. ನಡುವೆ ಸಂದಿ ಉಳಿದರೆ ಕೀಲುಗಳು ಬಿಗಿಯುತ್ತಿರಬಹುದು, ವೈದ್ಯರಿಗೆ ತಿಳಿಸಬೇಕು.

ಆದರೆ ಹವ್ಯಾಸವೇ ಬೇರೆ, ಬಿಡುವಿಲ್ಲದ ದುಡಿಮೆಯೇ ಬೇರೆ. ಕರಾವಳಿಯ ಎಷ್ಟೋ ಮಹಿಳೆಯರು ಬೀಡಿ ಕಟ್ಟಿ ಸಂಸಾರ ಸಾಗಿಸಿದ್ದಾರೆ. ಅವರ ಬೆರಳಿನ ವೇಗಕ್ಕೆ ಸಾಟಿಯಿಲ್ಲ. ಆದರೆ ಗಂಟೆಗಟ್ಟಲೆ ಬಗ್ಗಿ ಕೂತು ತಂಬಾಕಿನ ಧೂಳಿನ ನಡುವೆ ಮಾಡುವ ಆ ಕೆಲಸ ಬೆನ್ನು, ಕುತ್ತಿಗೆ, ಶ್ವಾಸಕೋಶಗಳಿಗೆ ಹಾನಿ ಮಾಡುತ್ತದೆ. ಅದನ್ನು ವ್ಯಾಯಾಮ ಎನ್ನಲಾಗದು. ಯಾವ ಕೈಕೆಲಸವಾದರೂ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಬೆರಳು ಬಿಡಿಸಿ, ನೋವು ಬಂದರೆ ಬಿಟ್ಟುಬಿಡಿ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ವೈದ್ಯರಿಗೆ ತೋರಿಸಿ. ಒಂದು ಕೈ ಇದ್ದಕ್ಕಿದ್ದಂತೆ ಬಲಹೀನವಾದರೆ, ಹಿಡಿದ ಲೋಟ ಜಾರಿದರೆ, ಎಣ್ಣೆ ಹಚ್ಚುತ್ತಾ ಕೂರಬೇಡಿ. ಅದು ಪಾರ್ಶ್ವವಾಯು ಆಗಿರಬಹುದು. ಮೆದುಳಿನ ರಕ್ತನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ತಕ್ಷಣ ದೊಡ್ಡ ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಮೊಬೈಲ್ ಬದಿಗಿಟ್ಟು ಎಲ್ಲರೂ ಸೇರಿ ಒಂದು ಕೈಕೆಲಸ ಮಾಡಿ. ಮಗು ಸುಲಿದ ಬೆಳ್ಳುಳ್ಳಿಯಲ್ಲಿ ಸಿಪ್ಪೆ ಉಳಿದಿರಬಹುದು, ಅಜ್ಜಿ ಬಿಡಿಸಿದ ಸೊಪ್ಪು ತಡವಾಗಿ ಪಾತ್ರೆಗೆ ಬೀಳಬಹುದು. ಅಷ್ಟು ತಾಳ್ಮೆ ನಮಗಿರಲಿ.