ಗೆಳೆಯರ ಸುಳ್ಳು ಸಾಕು, ಗುಟ್ಟು ಬೇಡ

ಕಾಲೇಜು ಹುಡುಗರು ಬರೆಯುವ ಕಿರುಚಿತ್ರಗಳ ನಾಯಕನನ್ನು ಗಮನಿಸಿದ್ದೀರಾ? ಅವನಿಗೆ ಕೆಲಸ ಇರುವುದಿಲ್ಲ, ಆದರೆ ಬೈಕ್ ಇರುತ್ತದೆ. ಪೆಟ್ರೋಲ್ ಯಾರು ಹಾಕಿಸುತ್ತಾರೋ ದೇವರಿಗೇ ಗೊತ್ತು. ನಾಯಕಿ ಕಾರಿಡಾರಿನಲ್ಲಿ ಡಿಕ್ಕಿ ಹೊಡೆಯುತ್ತಾಳೆ, ಪುಸ್ತಕಗಳು ಬೀಳುತ್ತವೆ, ಇಬ್ಬರೂ ಒಟ್ಟಿಗೆ ಬಗ್ಗುತ್ತಾರೆ. ನಾನು ಬೆಳೆದ ದೀಪಾಂಜಲಿ ನಗರದಲ್ಲಿ ಇದುವರೆಗೆ ಯಾರ ಪುಸ್ತಕವೂ ಹಾಗೆ ಬಿದ್ದಿದ್ದನ್ನು ಕಂಡಿಲ್ಲ. ಎಲ್ಲರ ನೋಟ್ಸೂ ಮೊಬೈಲಿನಲ್ಲಿ ಪಿಡಿಎಫ್ ಆಗಿ ಕೂತಿರುವಾಗ ಬೀಳುವುದಾದರೂ ಏನು?

ರೊಮ್ಯಾಂಟಿಕ್ ಕಾಮಿಡಿ ಬರೆಯಲು ಹೊರಟರೆ ನಾವು ಮೊದಲು ನಾಲ್ಕು ಸಿನಿಮಾ ನೋಡುತ್ತೇವೆ. ನೋಡಬೇಕಾದ್ದು ಪಕ್ಕದಲ್ಲಿ ಕೂತ ಫ್ರೆಂಡನ್ನು. ಪ್ರೀತಿಯಲ್ಲಿ ಬಿದ್ದವನಿಗೆ ತಾನೆಷ್ಟು ಪೆದ್ದನಾಗಿ ಕಾಣುತ್ತಿದ್ದೇನೆಂದು ಗೊತ್ತಿರುವುದಿಲ್ಲ. ಹುಡುಗಿಯ ಎದುರು ಅದನ್ನವನು ಮುಚ್ಚಿಟ್ಟಿರುತ್ತಾನೆ. ಪೂರ್ತಿ ಷೋ ನೋಡುವವರು ಗೆಳೆಯರು ಮಾತ್ರ. ಮೆಸೇಜ್ ಕಳಿಸಿ, ‘ನೀಲಿ ಟಿಕ್ ಬಂತಾ, ನೀನೇ ನೋಡು’ ಅಂತ ನಮ್ಮ ಕೈಗೆ ಮೊಬೈಲ್ ತುರುಕಿ ಕಣ್ಣು ಮುಚ್ಚಿಕೊಳ್ಳುವವನು ಅವನೇ ತಾನೆ?

‘ಕಿರಿಕ್ ಪಾರ್ಟಿ’ ಯಾಕೆ ನಮಗೆ ಅಷ್ಟು ಹತ್ತಿರವಾಯಿತು? 2016ರ ಡಿಸೆಂಬರ್ ಕೊನೆಯಲ್ಲಿ ಬಂದ ಆ ಚಿತ್ರದ ಕಥೆಗೆ ರಕ್ಷಿತ್ ಶೆಟ್ಟಿ ತಮ್ಮ ಎಂಜಿನಿಯರಿಂಗ್ ದಿನಗಳ ನೆನಪುಗಳನ್ನೇ ಬಳಸಿಕೊಂಡಿದ್ದರು. ನಿರ್ದೇಶಿಸಿದ ರಿಷಬ್ ಶೆಟ್ಟಿ ಕೂಡ ಗೆಳೆಯರೇ. ಅದರಲ್ಲಿ ಹುಡುಗರು ಸೇರಿ ಒಂದು ಹಳೇ ಕಾಂಟೆಸ್ಸಾ ಕಾರು ಕೊಳ್ಳುತ್ತಾರೆ. ನನ್ನ ಮಟ್ಟಿಗೆ ನಾಯಕನ ಪ್ರೀತಿಯನ್ನು ನಂಬಿಸಿದ್ದು ಆ ಕಾರು. ದುಡ್ಡು ಒಟ್ಟು ಹಾಕಿ ಏನನ್ನಾದರೂ ಕೊಂಡ ಗುಂಪಿನಲ್ಲಿ ಇದ್ದವನು ಹೇಗೆ ಪ್ರೀತಿಸುತ್ತಾನೆ ಅನ್ನುವುದು ನಮಗೆ ಗೊತ್ತು.

ಹಾಲಿವುಡ್‌ನ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ (1989) ಇದೇ ಮಾತಿಗೆ ಇನ್ನೂ ದೊಡ್ಡ ಸಾಕ್ಷಿ. ಚಿತ್ರಕಥೆ ಬರೆದ ನೋರಾ ಎಫ್ರಾನ್, ವಿಚ್ಛೇದನದ ನಂತರ ಒಂಟಿಯಾಗಿದ್ದ ನಿರ್ದೇಶಕ ರಾಬ್ ರೈನರ್ ಅವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಅವರ ಮಂಕು, ಗೊಣಗಾಟವೆಲ್ಲ ಹ್ಯಾರಿಗೆ ಹೋಯಿತು. ಹೋಟೆಲಿನಲ್ಲಿ ಇದು ಪಕ್ಕದಲ್ಲಿರಲಿ, ಅದು ಬಿಸಿ ಇರಲಿ ಎಂದು ಆರ್ಡರ್ ಮಾಡುವ ಸ್ಯಾಲಿಯ ಚಾಳಿ ಸ್ವತಃ ನೋರಾ ಅವರದ್ದು. ನೆನಪಿಡಿ, ಇಲ್ಲಿ ರೈನರ್ ತಮ್ಮ ಕಥೆಯನ್ನು ತಾವಾಗಿಯೇ ಕೊಟ್ಟರು. ಯಾರೂ ಕದ್ದು ಕೇಳಿಸಿಕೊಂಡಿದ್ದಲ್ಲ.

ಚಾಳಿ ಹುಡುಕಲು ನಾನು ದೂರ ಹೋಗುವುದಿಲ್ಲ. ನಮ್ಮ ಏರಿಯಾಗೆ 2015ರಲ್ಲಿ ಮೆಟ್ರೊ ಬಂತು. ಗೆಳತಿಯೊಬ್ಬಳು ನನ್ನ ಸ್ನೇಹಿತನ ಜೊತೆ ಮಾತು ಮುಗಿಯದಿದ್ದರೆ ಮೆಜೆಸ್ಟಿಕ್ ಕಡೆಯ ರೈಲನ್ನು ‘ತುಂಬಾ ರಶ್ ಇದೆ’ ಎಂದು ಬಿಟ್ಟುಬಿಡುತ್ತಾಳೆ. ಮಧ್ಯಾಹ್ನ ಮೂರರ ರೈಲು, ಅರ್ಧ ಸೀಟು ಖಾಲಿ. ಅವನೂ ‘ಹೌದು ಹೌದು, ಉಸಿರಾಡೋಕೂ ಜಾಗ ಇಲ್ಲ’ ಅನ್ನುತ್ತಾನೆ. ಇಬ್ಬರಿಗೂ ಇಂಟರ್‌ವ್ಯೂಗೆ ತಡವಾಗುತ್ತಿರುತ್ತದೆ. ನೂರು ‘ಐ ಲವ್ ಯೂ’ಗಳನ್ನು ಈ ಒಂದು ಸುಳ್ಳಿಗೆ ಕೊಟ್ಟುಬಿಡಬಹುದು. ಇದನ್ನು ಬರೆಯಲೇ ಎಂದು ಕೇಳಿದೆ. ನಾಚಿಕೊಂಡರೂ ಒಪ್ಪಿದರು.

ಆದರೆ ಅದೇ ಗೆಳತಿ ಒಂದು ಸಂಜೆ ಇನ್ನೊಂದು ವಿಷಯ ಹೇಳಿದಳು. ಅದೇನೆಂದು ಇಲ್ಲಿಯೂ ಬರೆಯುವುದಿಲ್ಲ. ನನ್ನ ಸ್ಕ್ರಿಪ್ಟಿನ ಸೆಕೆಂಡ್ ಹಾಫ್‌ಗೆ ಅಳತೆ ತೆಗೆದು ಹೊಲಿಸಿದಂತಿತ್ತು. ಹೆಸರು ಬದಲಿಸಿದರಾಯ್ತು ಎನ್ನುವವರಿದ್ದಾರೆ. ಹೆಸರು ಬದಲಿಸಿ, ಊರು ಬದಲಿಸಿ, ಹುಡುಗಿಯನ್ನು ಹುಡುಗ ಮಾಡಿ. ನಮ್ಮ ಬೀದಿಯವರು ಎರಡೇ ನಿಮಿಷದಲ್ಲಿ ಗುರುತು ಹಿಡಿಯುತ್ತಾರೆ. ಯೂಟ್ಯೂಬಿಗೆ ಹಾಕಿದ ಮೇಲೆ ಅವಳ ಮನೆಯವರೂ ನೋಡುತ್ತಾರೆ, ನಾಳೆ ಅವಳ ಆಫೀಸಿನವರೂ. ನನಗೆ ಸಿಗುವುದು ಒಂದು ಬಹುಮಾನ, ಅವಳು ಕಳೆದುಕೊಳ್ಳುವುದು ಮನಬಿಚ್ಚಿ ಮಾತಾಡುತ್ತಿದ್ದ ಒಂದೇ ಜಾಗ. ಈ ವ್ಯಾಪಾರ ನನಗೆ ಒಗ್ಗುವುದಿಲ್ಲ.

ಹಾಗಾಗಿ ಅವಳ ಗುಟ್ಟನ್ನು ಬಿಟ್ಟು ಗುಣವನ್ನಷ್ಟೇ ತೆಗೆದುಕೊಂಡೆ. ಆತಂಕವಾದಾಗ ಅವಳು ಅಳುವುದಿಲ್ಲ, ರೇಗುತ್ತಾಳೆ. ನನ್ನ ನಾಯಕಿಗೂ ಅದೇ ರೇಗಾಟ ಕೊಟ್ಟು, ಕಷ್ಟವನ್ನು ಬೇರೆಯದೇ ಕಟ್ಟಿದೆ: ಊರು ಬಿಡಬೇಕಾದ ಒಂದು ಆಫರ್ ಲೆಟರ್. ಬರೆದು ಮುಗಿದ ಮೇಲೆ ಪ್ರಿಂಟ್ ತೆಗೆಸಿ ಅವಳ ಕೈಗೇ ಇಟ್ಟೆ. ‘ನಾನು ಇಷ್ಟೊಂದು ಜಗಳಗಂಟಿ ಅಲ್ಲ’ ಎಂದು ಜಗಳಕ್ಕೇ ಬಂದಳು. ಆಮೇಲೆ ಪೆನ್ನು ಕಿತ್ತುಕೊಂಡಳು. ನಾಯಕ ರಾತ್ರಿಯಿಡೀ ಫೋನ್ ಎತ್ತದೆ ಬೆಳಗ್ಗೆ ಬರುವ ದೃಶ್ಯದಲ್ಲಿ ನಾನು ನಾಯಕಿಯಿಂದ ‘ನಿನ್ನ ಬಗ್ಗೆ ತುಂಬಾ ಚಿಂತೆಯಾಗಿತ್ತು’ ಎಂದು ಹೇಳಿಸಿದ್ದೆ. ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ ಬರೆದಳು: ‘ಆ ಫೋನ್ ಯಾಕೆ ಇಟ್ಕೊಂಡಿದೀಯಾ, ಮಾರ್ಬಿಡು. ತಿಂಡಿ ಆಯ್ತಾ?’