ಗಂಟು ಬಿಚ್ಚಿ ನೋಡಿ

ಸಂತೆಯಿಂದ ಬಂದ ಗಂಟನ್ನು ಬಿಚ್ಚಿ ನೋಡದೆ ಉಗ್ರಾಣಕ್ಕೆ ಸೇರಿಸುವ ಗೃಹಿಣಿಯುಂಟೇ? ಗಣಕಯಂತ್ರದ ಮುಂದೆ ಕುಳಿತ ನಾವಾದರೋ, ಪರರು ಬರೆದ ತಂತ್ರಾಂಶದ ಗಂಟುಗಳನ್ನು ಕಣ್ಣುಮುಚ್ಚಿ ಬರಮಾಡಿಕೊಳ್ಳುತ್ತೇವೆ.

ಬಿಚ್ಚುವುದೇನೂ ಕಷ್ಟವಲ್ಲ. ಡೆಬಿಯನ್ ಗಂಟಾದರೆ, ಟರ್ಮಿನಲ್ಲಿನಲ್ಲಿ ‘ಡಿಪಿಕೆಜಿ-ಡೆಬ್’ ಎಂಬ ಆಜ್ಞೆಯ ಮುಂದೆ ‘ಎಕ್ಸ್’ ಗುರುತನ್ನಿಟ್ಟರೆ ಕಡತಗಳು ನಾವು ಹೇಳಿದ ಕೋಶದಲ್ಲಿ ಹರಡಿಕೊಳ್ಳುತ್ತವೆ. ‘ಇ’ ಗುರುತನ್ನಿಟ್ಟರೆ ಸ್ಥಾಪನೆಯ ವೇಳೆ ನಡೆಯತಕ್ಕ ಆಜ್ಞೆಗಳು ಹೊರಬೀಳುತ್ತವೆ. ಯಾವುದೂ ನಡೆಯುವುದಿಲ್ಲ, ಸಾವಧಾನವಾಗಿ ಪರಿಶೀಲಿಸಬಹುದು.

2024ರಲ್ಲಿ ‘ಎಕ್ಸ್‌ಝಡ್’ ಎಂಬ ಸಂಕೋಚನ ತಂತ್ರಾಂಶದಲ್ಲಿ ಕಳ್ಳಬಾಗಿಲೊಂದು ಅಡಗಿತ್ತು. ಅದನ್ನು ಜೋಡಿಸುವ ಕಡತ ಬಹಿರಂಗ ಭಂಡಾರದಲ್ಲಿರದೆ, ಹಂಚಿದ ಗಂಟಿನಲ್ಲಿ ಮಾತ್ರವಿತ್ತು. ಲಾಗಿನ್ ಅರ್ಧ ಸೆಕೆಂಡು ತಡವಾದುದನ್ನು ಶಂಕಿಸಿ, ಒಳಹೊಕ್ಕು ನೋಡಿದ ಆಂಡ್ರೆಸ್ ಫ್ರಾಯಿಂಡ್ ಅದನ್ನು ಪತ್ತೆಹಚ್ಚಿದರು.

ಬಿಚ್ಚಿ ನೋಡುವವರೊಬ್ಬರಿದ್ದರೆ ಊರೆಲ್ಲ ನೆಮ್ಮದಿಯಾಗಿ ಮಲಗಬಹುದು.